ಕ್ರಿಸ್ತಜಯಂತಿಯ ಮನೆಯ ಕಂಪು

(ಶತಮಾನೋತ್ಸವದ ಅಂಗವಾಗಿ, ಆಗಮನ ಕಾಲದಲ್ಲಿ ನಡೆದ ಕುಟುಂಬಗಳ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಹೇಳಲು ನಮಗಿಂತ ಬಲ್ಲವರು ಈ ಸಭೆಯಲ್ಲಿದ್ದಾರೆ. ಆದುದರಿಂದ ಆ ಭಾರವನ್ನು ಅವರ ಹೆಗಲಿಗೇ ಬಿಟ್ಟು, ನಾವು ಮನೆಗೆ ಸಂಬಂಧಪಟ್ಟ ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ನಾವಾಗಿ ಆರಿಸಿಕೊಂಡ ವಿಷಯವೂ ಅಲ್ಲ. ಕಳೆದ ತಿಂಗಳು ಮನೆಗಳ ಭೇಟಿಗೆ ಹೋಗಿದ್ದಾಗ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ಬಾಗಿಲ ಮರೆಯಲ್ಲಿ ನಿಂತು, "ಸ್ವಾಮಿ, ಹಬ್ಬದ ದಿವಸ ಗೋದಲಿಯ ಮುಂದೆ ಊದಿನಕಡ್ಡಿ ಹಚ್ಚಬಹುದೇ? ಅದು ನಮ್ಮವರ ಪದ್ಧತಿಯಲ್ಲ ಎಂದು ಅತ್ತೆಯವರು ಹೇಳುತ್ತಾರೆ" ಎಂದು ಕೇಳಿದಳು. ಅತ್ತೆಯವರು ಒಳಗಿನಿಂದಲೇ ಕೆಮ್ಮಿದರು. ಇಬ್ಬರಿಗೂ ನೋವಾಗದಂತೆ ಆಗ ಏನೋ ಹೇಳಿ ಬಂದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಸಂಜೆ ಅದಕ್ಕೆ ತಕ್ಕ ಉತ್ತರ ಕೊಡಲು ಯತ್ನಿಸುತ್ತೇವೆ.

ಮೊದಲಿಗೆ ಅತ್ತೆಯವರ ಪಕ್ಷವನ್ನು ಹೇಳಬೇಕು, ಏಕೆಂದರೆ ಅವರು ತಿಳಿಯದೆಯೇ ಬಹಳ ಹಳೆಯ ಮಾತೊಂದನ್ನು ಆಡಿದ್ದಾರೆ. ಆದಿ ಸಭೆಯ ಕ್ರೈಸ್ತರು ಧೂಪವನ್ನು ದೂರವೇ ಇಟ್ಟಿದ್ದರು. ಕಾರ್ತೇಜಿನ ತೆರ್ತುಲ್ಲಿಯನನು ಎರಡನೆಯ ಶತಮಾನದ ಕೊನೆಯಲ್ಲಿ, ಕ್ರೈಸ್ತರು ದೇವಾರಾಧನೆಗೆಂದು ಧೂಪವನ್ನು ಕೊಳ್ಳುವುದಿಲ್ಲವೆಂದೂ, ಸತ್ತವರನ್ನು ಮಣ್ಣು ಮಾಡುವಾಗ ಮಾತ್ರ ಸುಗಂಧ ದ್ರವ್ಯಗಳನ್ನು ಧಾರಾಳವಾಗಿ ಬಳಸುವರೆಂದೂ ಬರೆದಿದ್ದಾನೆ. ಇದಕ್ಕೆ ಕಾರಣವಿತ್ತು. ರೋಮನ್ ಅಧಿಕಾರಿಗಳು ಕ್ರೈಸ್ತನೊಬ್ಬನನ್ನು ಹಿಡಿದು ತಂದರೆ ಅವನ ಮುಂದೆ ಕೆಂಡದ ಪಾತ್ರೆಯನ್ನಿಟ್ಟು, ದೇವತೆಗಳ ಹೆಸರಿನಲ್ಲಿ ಒಂದು ಚಿಟಿಕೆ ಧೂಪ ಹಾಕು, ಮನೆಗೆ ಹೋಗು ಎನ್ನುತ್ತಿದ್ದರು. ಚಕ್ರವರ್ತಿ ಡೇಸಿಯಸ್ಸನ ಕಾಲದಲ್ಲಿ, ಕ್ರಿ.ಶ. 250ರ ಸುಮಾರಿಗೆ, ಪ್ರಾಣಭಯದಿಂದ ಹಾಗೆ ಚಿಟಿಕೆ ಹಾಕಿದವರನ್ನು ಸಭೆಯು 'ತುರಿಫಿಕಾತಿ', ಎಂದರೆ ಧೂಪ ಹಾಕಿದವರು, ಎಂದು ಕರೆಯಿತು. ಅವರನ್ನು ಮರಳಿ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದರ ಮೇಲೆ ದೊಡ್ಡ ವಾಗ್ವಾದಗಳೇ ನಡೆದವು. ಒಂದು ಚಿಟಿಕೆ ಧೂಪಕ್ಕೆ ಒಂದು ಪ್ರಾಣದ ಬೆಲೆಯಿದ್ದ ಕಾಲ ಅದು. ಅಂಥ ವಸ್ತುವನ್ನು ಅವರು ತಮ್ಮ ಮನೆಗಳಲ್ಲಿ ಹೇಗೆ ತಾನೇ ಹಚ್ಚಿಯಾರು!

ಆ ಹಿಂಸೆ ನಿಂತ ಮೇಲೆ ಧೂಪವು ತಾನಾಗಿಯೇ ಒಳಗೆ ಬಂದಿತು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಗೇರಿಯಾ ಎಂಬ ಮಹಿಳೆ, ಭಾನುವಾರದ ಮುಂಜಾವಿನಲ್ಲಿ ಪುನರುತ್ಥಾನದ ಗುಹೆಯೊಳಕ್ಕೆ ಧೂಪಪಾತ್ರೆಗಳನ್ನು ತರುತ್ತಿದ್ದುದನ್ನೂ ಇಡೀ ದೇವಾಲಯವು ಸುವಾಸನೆಯಿಂದ ತುಂಬುತ್ತಿದ್ದುದನ್ನೂ ಬರೆದಿಟ್ಟಿದ್ದಾಳೆ. ಹಾಗಾಗಿ ಸೊಸೆಯ ಪಕ್ಷಕ್ಕೂ ಒಬ್ಬ ಹೆಣ್ಣುಮಗಳ ಸಾಕ್ಷ್ಯವೇ ದೊರೆಯುತ್ತದೆ.

ಆದರೆ ಆಕೆಗೆ ಇನ್ನೂ ದೊಡ್ಡ ಆಧಾರ ಶುಭಸಂದೇಶದಲ್ಲಿಯೇ ಇದೆ. ಮೂಡಣ ದಿಕ್ಕಿನ ಜ್ಞಾನಿಗಳು ಕಾಣಿಕೆಗಳನ್ನು ತಂದು ಒಪ್ಪಿಸಿದ ಸ್ಥಳ ಯಾವುದು? ನಾವು ಗೋದಲಿಯಲ್ಲಿ ಮೂರು ರಾಯರ ಗೊಂಬೆಗಳನ್ನು ಹಸುವಿನ ಪಕ್ಕದಲ್ಲಿ ನಿಲ್ಲಿಸುತ್ತೇವೆ. ಸಂತ ಮತ್ತಾಯನಾದರೋ ಅವರು 'ಮನೆಯೊಳಗೆ' ಹೋದರೆಂದು ಹೇಳುತ್ತಾನೆ. ತಾಯಿಯೂ ಮಗುವೂ ಇದ್ದ ಒಂದು ಸಾಮಾನ್ಯ ಮನೆಯಲ್ಲಿ ಅವರು ಧೂಪದ ಗಂಟನ್ನು ಬಿಚ್ಚಿದರು. ಗುರುಮಠದಲ್ಲಿ ಓದುತ್ತಿದ್ದಾಗ ನಾವು ಈ ವಾಕ್ಯವನ್ನು ಗ್ರೀಕಿನಲ್ಲಿ ಬಾಯಿಪಾಠ ಮಾಡಿದ್ದೆವು. ಆದರೂ ಆ ಒಂದು ಪದ ಕಣ್ಣಿಗೆ ಬಿದ್ದದ್ದು ತಲೆ ನರೆತ ಮೇಲೆ.

ಆ ಗಂಟಿನಲ್ಲಿದ್ದುದೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ. ನಮ್ಮ ಸಂತೆಯಲ್ಲಿ ಸಾಂಬ್ರಾಣಿ, ಲೋಬಾನ, ಧೂಪ ಎಂದು ಒಂದನ್ನೇ ಮೂರು ಹೆಸರಿನಿಂದಲೂ, ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದಲೂ ಮಾರುತ್ತಾರೆ. ಜ್ಞಾನಿಗಳು ತಂದ ಧೂಪಕ್ಕೆ ಹೀಬ್ರೂ ಭಾಷೆಯಲ್ಲಿರುವ ಹೆಸರು ಬಿಳುಪು ಎಂಬ ಅರ್ಥದಿಂದ ಬಂದುದು. ಅರಬ್ಬಿಯ 'ಲುಬಾನ್' ಅದರ ಸೋದರ ಪದ. ಒಮಾನಿನ ಧೋಫಾರ್ ಸೀಮೆಯಲ್ಲಿಯೂ ಯೆಮನ್, ಸೊಮಾಲಿಯಾಗಳಲ್ಲಿಯೂ ಬೆಳೆಯುವ ಕುಳ್ಳ ಮರದ ತೊಗಟೆಯನ್ನು ಕೆತ್ತಿದರೆ ಹಾಲಿನಂಥ ರಸ ಒಸರಿ, ಗಾಳಿಗೆ ಒಣಗಿ, ಕಣ್ಣೀರಿನ ಹನಿಯಂತೆ ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆಯುತ್ತಾರೆ. ಇದೇ ಜಾತಿಯ ಮರ ನಮ್ಮ ದೇಶದ ಒಣ ಗುಡ್ಡಗಳಲ್ಲಿಯೂ ಇದೆ. ವೈದ್ಯ ಗ್ರಂಥಗಳು ಅದನ್ನು ಶಲ್ಲಕೀ ಎನ್ನುತ್ತವೆ. ಆದರೆ ನಮ್ಮ ತಾಯಂದಿರು ಸಾಂಬ್ರಾಣಿ ಎಂದು ಹೊಗೆ ಹಾಕುವ, ಸಿಹಿ ವಾಸನೆಯ ಗಟ್ಟಿ ಅಂಟು ಬೇರೆ ಮರದ್ದು. ಅದು ಸುಮಾತ್ರ ದ್ವೀಪದ ಕಡೆಯಿಂದ ಹಡಗೇರಿ ಬಂದದ್ದು. ಅರಬ್ಬಿ ವರ್ತಕರು ಅದನ್ನು 'ಜಾವಾದ ಲುಬಾನ್' ಎಂದು ಕರೆದರು. ಅಲ್ಲಿಂದಲೇ ಲೋಬಾನವೆಂಬ ಹೆಸರು ಇದಕ್ಕೂ ಅಂಟಿಕೊಂಡಿತು. ಇನ್ನು ಘಟ್ಟದ ಸೀಮೆಯವರಿಗೆ ಧೂಪವೆಂದರೆ ಸಾಲುಧೂಪದ ಮರದ ಅಂಟು. ದಕ್ಷಿಣ ಕನ್ನಡದ ರಸ್ತೆಗಳ ಇಕ್ಕೆಲದಲ್ಲಿ ಹಿಂದಿನವರು ಆ ಮರಗಳನ್ನು ನೆಟ್ಟಿದ್ದಾರೆ. ಇವೆಲ್ಲವೂ ದೇವರು ಕೊಟ್ಟ ಮರಗಳ ಸೊತ್ತು. ಈಚೆಗೆ ಅಂಗಡಿಗಳಲ್ಲಿ ಕಂಪ್ಯೂಟರ್ ಸಾಂಬ್ರಾಣಿ ಎಂಬುದೊಂದು ಬಂದಿದೆಯಷ್ಟೆ. ಅದಕ್ಕೂ ಕಂಪ್ಯೂಟರಿಗೂ ಏನು ನಂಟು ಎಂದು ಅಂಗಡಿಯವನನ್ನು ಕೇಳಿದೆವು. ಅವನು ನಗುತ್ತಾ, ಗೊತ್ತಿಲ್ಲ ಸ್ವಾಮಿ, ಆದರೆ ಬೇಗ ಹತ್ತಿಕೊಳ್ಳುತ್ತದೆ ಎಂದನು.

ರಕ್ತಬೋಳದ ವಿಷಯ ಬೇರೆ. ಅದರ ಕಂಪು ಇಂಪಾದರೂ ನಾಲಿಗೆಗೆ ಬಲು ಕಹಿ. ಶಿಲುಬೆಯ ಬಳಿ ಪ್ರಭುವಿಗೆ ಕೊಡಬಂದ ದ್ರಾಕ್ಷಾರಸದಲ್ಲಿ ಅದನ್ನು ಬೆರೆಸಿದ್ದರು. ನಿಕೊದೇಮನು ಸಮಾಧಿಗೆ ಹೊತ್ತು ತಂದ ಸುಗಂಧದ್ರವ್ಯದಲ್ಲಿಯೂ ಅದಿತ್ತು. ಹುಟ್ಟಿದ ಮಗುವಿಗೆ ಇಂಥ ಉಡುಗೊರೆಯೇ ಎಂದು ಮರಿಯಮ್ಮನವರು ಒಂದು ಕ್ಷಣ ಸುಮ್ಮನಾದರೋ ಏನೋ.

ಈಗ ನಮ್ಮ ಊರಿಗೆ ಬರೋಣ. ಪ್ಯಾರಿಸ್ಸಿನ ವಿದೇಶಿ ಮಿಷನ್ನಿನ ಫ್ರೆಂಚ್ ಗುರುಗಳು ಮೈಸೂರು ಸೀಮೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತಿದ್ದ ಕಾಲದಲ್ಲಿ ಹಬ್ಬದ ಕಂಪನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಅದು ಋತುವಿನ ಜೊತೆಗೇ ಬರುತ್ತಿತ್ತು. ನಮ್ಮ ಬಾಲ್ಯದಲ್ಲಿಯೂ ಹಾಗೆಯೇ ಇತ್ತು. ಡಿಸೆಂಬರ್ ಎಂದರೆ ರಾಗಿಯ ಕಣದ ಕಾಲ. ಗೋದಲಿಗೆ ಹಾಸಲು ಕಣದಿಂದಲೇ ಹೊಸ ಹುಲ್ಲು ತರುತ್ತಿದ್ದೆವು. ರಾತ್ರಿ ಇಬ್ಬನಿಯಲ್ಲಿ ನೆನೆದು ಬೆಳಗಿನ ಬಿಸಿಲಿಗೆ ಒಣಗಿದ ಹುಲ್ಲಿಗೆ ಒಂದು ವಾಸನೆಯಿದೆ. ಅದಕ್ಕೆ ಹೆಸರಿಲ್ಲ, ಆದರೆ ಈ ಸಭೆಯಲ್ಲಿ ತಲೆ ನರೆತವರಿಗೆಲ್ಲ ಅದು ಗೊತ್ತು. ಹಬ್ಬಕ್ಕೆ ಎರಡು ವಾರವಿರುವಾಗ ಒಡಕು ತಟ್ಟೆಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಿದ್ದರು. ಅದು ಮೊಳೆತು ಗೋದಲಿಯ ಹಸಿರು ಹೊಲವಾಗುವ ಹೊತ್ತಿಗೆ ಒದ್ದೆ ಮಣ್ಣಿನ ವಾಸನೆ ಮನೆಯ ಒಂದು ಮೂಲೆಯನ್ನು ಹಿಡಿದಿರುತ್ತಿತ್ತು. ಗೋಡೆಗೆ ಸುಣ್ಣ, ಅಂಗಳಕ್ಕೆ ಸಗಣಿ ನೀರು. ಬೀರುವಿನಿಂದ ತೆಗೆದ ಅಪ್ಪನವರ ಕೋಟಿಗೆ ನುಸಿ ಗುಳಿಗೆಯ ಘಾಟು.

ಅಡುಗೆಯ ಮನೆಯಲ್ಲಿ ಅವರೆಕಾಯಿ! ಕನ್ನಡದಲ್ಲಿ ಸೊಗಡು ಎಂಬ ಒಂದು ಮಾತಿದೆ. ಅದನ್ನು ಲತೀನಿಗೆ ತರಲು ನಾವು ಒಮ್ಮೆ ಪ್ರಯತ್ನಿಸಿ ಸೋತೆವು. ಇಬ್ಬನಿ ಬಿದ್ದಷ್ಟೂ ಅವರೆಯ ಸೊಗಡು ಏರುತ್ತದೆಂದು ರೈತರು ಹೇಳುತ್ತಾರೆ. ನಡುರಾತ್ರಿಯ ಬಲಿಪೂಜೆಗೆ ಹೊರಡುವ ಮುನ್ನ ಅಮ್ಮ ಹಿತಕಿದ ಬೇಳೆಯನ್ನು ನೀರಿಗೆ ಹಾಕಿ ಮುಚ್ಚಿಟ್ಟು ಬರುತ್ತಿದ್ದರು. ಚಳಿಯಲ್ಲಿ ಕಂಬಳಿ ಹೊದ್ದು ಮರಳಿ ಬಂದಾಗ ಒಲೆ ಹತ್ತಿಕೊಳ್ಳುತ್ತಿತ್ತು. ಅದರ ಹಿಂದಿನ ದಿನಗಳಲ್ಲಿ ಕಜ್ಜಾಯದ ಬೆಲ್ಲದ ಪಾಕ, ಕರ್ಜಿಕಾಯಿಯ ಹೂರಣಕ್ಕೆ ಕುಟ್ಟಿದ ಏಲಕ್ಕಿ, ಎಣ್ಣೆಯಲ್ಲಿ ಅರಳುವ ಗುಲಾಬಿ ಹೂವಿನ ಅಚ್ಚು. ಮಂಗಳೂರು ಕಡೆಯ ನಮ್ಮ ಕೊಂಕಣಿ ಬಂಧುಗಳು ಇವುಗಳನ್ನೇ ಮತ್ತಷ್ಟು ಬಗೆಗಳೊಡನೆ ಕುಸ್ವಾರ್ ಎಂದು ತಟ್ಟೆ ತುಂಬಿಸಿ ನೆರೆಮನೆಗಳಿಗೆ ಕಳುಹಿಸುತ್ತಾರೆ. ನಮ್ಮಲ್ಲಿ ಅಷ್ಟು ಬಗೆಗಳಿರಲಿಲ್ಲ. ಆದರೂ ಸೆರಗಿನಲ್ಲಿ ಮುಚ್ಚಿಕೊಂಡು ಹೋದ ಪಾತ್ರೆಯ ವಾಸನೆಯಿಂದಲೇ ಯಾರ ಮನೆಯಿಂದ ಯಾರ ಮನೆಗೆ ಏನು ಹೋಯಿತೆಂದು ಬೀದಿಗೆಲ್ಲ ತಿಳಿಯುತ್ತಿತ್ತು.

ಹೂವಿನ ಮಾತು ಹೇಳುವುದಾದರೆ, ಚಳಿಗಾಲದಲ್ಲಿ ಮಲ್ಲಿಗೆ ಮುನಿಸಿಕೊಳ್ಳುತ್ತದೆ. ಮೊಗ್ಗು ಕಡಿಮೆ, ಬೆಲೆ ಹೆಚ್ಚು. ಕನಕಾಂಬರಕ್ಕೆ ಬಣ್ಣವಿದೆ, ಕಂಪಿಲ್ಲ. ಹಬ್ಬಕ್ಕೆ ಪೇಟೆಯಿಂದ ಕುಂಡದಲ್ಲಿ ತರುವ ಕೆಂಪೆಲೆಯ ಗಿಡಕ್ಕೂ ಕಂಪಿಲ್ಲ. ಆದುದರಿಂದ ಪೀಠದ ಅಲಂಕಾರಕ್ಕೆ ಸೇವಂತಿಗೆಯನ್ನೂ ಒಂದು ಎಸಳು ಮರುಗವನ್ನೂ ಕಟ್ಟಿದ ನಮ್ಮ ಹಿರಿಯರ ಬುದ್ಧಿಯನ್ನು ನಾವು ಮೆಚ್ಚುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಮಾತು ಅರ್ಧವಾಗುತ್ತದೆ.

ನಮಗೆ ಧೂಪವೆಂದರೆ ಚಿಕ್ಕಂದಿನಿಂದ ಮೋಹ. ಪೀಠಬಾಲಕರಾಗಿದ್ದಾಗ ಧೂಪಪಾತ್ರೆಯನ್ನು ಹಿಡಿಯಲು ಜಗಳವಾಡಿದವರು ನಾವು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಂದ ಪೂಜಾವಿಧಿಯಲ್ಲಿ ಯಾವುದೇ ಬಲಿಪೂಜೆಯಲ್ಲಿ ಧೂಪವನ್ನು ಬಳಸಲು ಅನುಮತಿಯಿದೆ, ಬಳಸಲೇಬೇಕೆಂಬ ಕಟ್ಟಳೆಯಿಲ್ಲ. ನಾವು ಅನುಮತಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡೆವು, ಇನ್ನೊಂದು ಅರ್ಧವನ್ನು ಮರೆತೆವು. ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಕ್ರಿಸ್ತಜಯಂತಿಯ ರಾತ್ರಿ ಬಾಗಿಲು ಕಿಟಕಿಗಳನ್ನು ಚಳಿಗೆ ಮುಚ್ಚಿಸಿ, ಪೀಠ ಕಾಣದಷ್ಟು ಹೊಗೆ ಏಳಿಸುತ್ತಿದ್ದೆವು. ಜನರು ಮೆಚ್ಚುತ್ತಿದ್ದರು. ಹಾಗೆ ಒಂದು ವರ್ಷ ಪ್ರಬೋಧನೆಯಲ್ಲಿ, ದೇವಾಲಯದ ಒಳಗೆ ಬಾರದೆ ಗಂಟೆಗೋಪುರದ ಕೆಳಗೆ ಕೂರುವವರನ್ನು ಕುರಿತು ಖಾರವಾಗಿ ಮಾತನಾಡಿದೆವು. ಹೊರಗೆ ಕುಳಿತರೆ ಕುರುಬರ ಕುರಿಗಳ ಪಾಲಿನ ಕ್ರಿಸ್ತಜಯಂತಿ ಮಾತ್ರ ದಕ್ಕುತ್ತದೆ ಎಂದು ಏನೋ ಚಮತ್ಕಾರದ ಮಾತನ್ನೂ ಸೇರಿಸಿದೆವು. ಸಭೆ ನಕ್ಕಿತು.

ಮರುದಿನ ಒಬ್ಬ ಹುಡುಗ ಬಂದು, ತನ್ನ ಅಜ್ಜಿಗೆ ಗೂರಲು ಇದೆಯೆಂದೂ, ಹೊಗೆ ತಾಗಿದರೆ ಉಸಿರು ಕಟ್ಟುವುದೆಂದೂ, ಆದುದರಿಂದಲೇ ಆಕೆ ಹಲವು ವರ್ಷಗಳಿಂದ ಹಬ್ಬದ ರಾತ್ರಿ ಇಬ್ಬನಿಯಲ್ಲಿ ಹೊರಗೆ ಕೂರುವುದೆಂದೂ ಹೇಳಿದನು. ಪರಮಪ್ರಸಾದಕ್ಕೆ ಮಾತ್ರ ಮೂಗಿಗೆ ಸೆರಗು ಹಿಡಿದು ಒಳಗೆ ಬಂದು ಹೋಗುತ್ತಿದ್ದರಂತೆ. ಆ ರಾತ್ರಿ ಅದಕ್ಕೂ ಬಂದಿರಲಿಲ್ಲ. ನಾವು ಆ ಸಂಜೆಯೇ ಆಕೆಯ ಮನೆಗೆ ಹೋದೆವು. ಆ ಮುದುಕಿ ಎದ್ದು ನಮ್ಮ ಕೈಯನ್ನು ಕಣ್ಣಿಗೆ ಒತ್ತಿಕೊಂಡು, "ತಪ್ಪು ನನ್ನದೇ ಸ್ವಾಮಿ, ದೇವರ ಹೊಗೆ ನನಗೆ ಆಗುವುದಿಲ್ಲ" ಎಂದರು. ನಮ್ಮ ಗುರುಜೀವನದಲ್ಲಿ ನಾವು ಕೇಳಿದ ಪಾಪನಿವೇದನೆಗಳಲ್ಲಿ ಇಷ್ಟು ಪಾಪವಿಲ್ಲದ್ದನ್ನು ಬೇರೆ ಕೇಳಿಲ್ಲ. ಕ್ಷಮೆ ಕೇಳಿದೆವು. ಮುಂದಿನ ಹಬ್ಬದಲ್ಲಿ ಬಾಗಿಲುಗಳನ್ನು ತೆರೆಸಿ, ಧೂಪವನ್ನು ಬಾಲಯೇಸುವಿನ ಮೆರವಣಿಗೆಗೆ ಮಾತ್ರ ಸೀಮಿತಗೊಳಿಸಿದೆವು. ಆದರೆ ಆ ಹಬ್ಬಕ್ಕೆ ಆಕೆ ಇರಲಿಲ್ಲ.

ಮನೆಗಳಲ್ಲಿಯೂ ಇದೇ ಎಚ್ಚರ ಬೇಕು. ಬಾಣಂತಿಯ ಕೋಣೆಯಲ್ಲಿ ಎಳೆಗೂಸಿಗೆ ಎರೆದ ಮೇಲೆ ಬುಟ್ಟಿ ಬೋರಲು ಹಾಕಿ ಸಾಂಬ್ರಾಣಿಯ ಹೊಗೆ ಹಿಡಿಯುವುದು ನಮ್ಮ ಹಳೆಯ ಪದ್ಧತಿ. ಬಾಲಯೇಸುವನ್ನು ನೆನೆದಾಗಲೆಲ್ಲ ನಮಗೆ ಆ ಕೂಸಿನ ತಲೆಯ ವಾಸನೆಯೇ ನೆನಪಾಗುತ್ತದೆ. ಆದರೆ ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ, ಅದು ಊದಿನಕಡ್ಡಿಯದಾದರೂ ಸರಿ, ಸಾಂಬ್ರಾಣಿಯದಾದರೂ ಸರಿ ಎಂದು ಇಂದಿನ ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಅಜ್ಜಿಯರು ಬೇಸರ ಪಡಬಾರದು. ಕೂಸು ಇರುವ ಕೋಣೆಗೆ ಹೊಗೆ ಬೇಡ.

ಇನ್ನು ಊದಿನಕಡ್ಡಿ. ಮೈಸೂರಿನ ಊದಿನಕಡ್ಡಿಗೆ ಲೋಕವೆಲ್ಲ ಹೆಸರಿದೆ. 2005ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಅದನ್ನು ಹೊಸೆಯುವ ಮನೆಯೊಳಗೆ ತಾವು ಹೋಗಿದ್ದೀರಾ? ನಾವು ಹೋಗಿದ್ದೇವೆ. ಬಿದಿರಿನ ಕಡ್ಡಿಗೆ ಇದ್ದಿಲ ಪುಡಿಯನ್ನೂ ಅಂಟಿನ ಪುಡಿಯನ್ನೂ ಕಲಸಿದ ಹಿಟ್ಟನ್ನು ಹೊಸೆಯುತ್ತಾರೆ. ಆ ಅಂಟಿನ ಪುಡಿ ಘಟ್ಟದ ಕಾಡಿನ ಗುಳಮಾವಿನಂಥ ಮರಗಳ ತೊಗಟೆಯಿಂದ ಬರುವಂಥದು. ಅತಿಯಾಗಿ ಸುಲಿದು ಎಷ್ಟೋ ಕಡೆ ಆ ಮರಗಳೇ ಒಣಗಿ ಹೋಗಿವೆ. ಹೊಸೆದ ಕಡ್ಡಿಗೆ ಸುವಾಸನೆಯಿಲ್ಲ. ಸುಗಂಧದ ಎಣ್ಣೆಯಲ್ಲಿ ಅದ್ದುವ ಕೆಲಸ ಆಮೇಲೆ, ಕಾರ್ಖಾನೆಯಲ್ಲಿ. ಹಾಗಾಗಿ ಲೋಕಕ್ಕೆ ಶ್ರೀಗಂಧದ ಕಂಪನ್ನು ಕಳುಹಿಸುವ ಆ ಮನೆಯಲ್ಲಿ ಇರುವುದು ಇದ್ದಿಲ ಧೂಳು ಮಾತ್ರ. ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಈಚೆಗೆ ಯಂತ್ರಗಳು ಬಂದು ಆ ಕೂಲಿಯೂ ಕಡಿಮೆಯಾಗುತ್ತಿದೆ. ಹಬ್ಬದ ಮುನ್ನ ಆಶೀರ್ವಾದಕ್ಕೆಂದು ಅಂಥ ಒಂದು ಮನೆಗೆ ಹೋದಾಗ, ಆ ತಾಯಿ ಕಪ್ಪಾದ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡೇ ನಿಂತಿದ್ದರು. ಶಿಲುಬೆಯ ಗುರುತು ಮಾಡಲು ಕೈಯನ್ನು ಮುಂದೆ ತರಲೇಬೇಕಾಯಿತು.

ಬೆಥಾನಿಯದ ಮರಿಯಳ ಪ್ರಸಂಗವನ್ನು ತಾವು ಕೇಳಿದ್ದೀರಿ. ಪ್ರಭುವಿನ ಪಾದಗಳಿಗೆ ಆಕೆ ಸುರಿದದ್ದು ನಾರ್ದ ತೈಲ. ಅದನ್ನು ನಮ್ಮ ಹಿಮಾಲಯದ ಜಟಾಮಾಂಸಿಯ ಬೇರಿನಿಂದ ತೆಗೆದುದೆಂದು ಪಂಡಿತರು ಹೇಳುತ್ತಾರೆ. ಮನೆಯೆಲ್ಲ ಕಂಪಿನಿಂದ ತುಂಬಿತೆಂದು ಸಂತ ಯೊವಾನ್ನನು ಬರೆಯುತ್ತಾನೆ. ಅದರ ಬೆಲೆ ಮುನ್ನೂರು ದೆನಾರಿ. ಒಂದು ದೆನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಅಂತೂ ಒಂದು ವರ್ಷದ ದುಡಿಮೆ. ಅದನ್ನು ಮಾರಿ ಬಡವರಿಗೆ ಕೊಡಬಾರದಿತ್ತೇ ಎಂದು ಯೂದನು ಕೇಳಿದಾಗ ಪ್ರಭು ಮರಿಯಳ ಪಕ್ಷವನ್ನು ವಹಿಸಿದರು. ಈ ಪ್ರಸಂಗವನ್ನು ನಾವು ಅನೇಕ ಬಾರಿ ನಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತೇವೆ, ಹಬ್ಬದ ಖರ್ಚಿಗೆ ಯೂದನಂತೆ ಲೆಕ್ಕ ಕೇಳಬೇಡಿ ಎನ್ನುತ್ತೇವೆ. ಆದರೆ ಮರಿಯಳು ಸುರಿದದ್ದು ತನ್ನದನ್ನು. ಇನ್ನೊಬ್ಬಳ ಕಪ್ಪಾದ ಕೈಗಳ ಕೂಲಿಯಲ್ಲಿ ಉಳಿಸಿದ್ದನ್ನಲ್ಲ.

ಆದುದರಿಂದ ಆ ಸೊಸೆಗೆ ನಮ್ಮ ಉತ್ತರ ಇದು: ಹಚ್ಚಬಹುದು ಮಗಳೇ. ಧೂಪವು ಯಾರೊಬ್ಬರ ಸೊತ್ತೂ ಅಲ್ಲ, ಪ್ರಭುವಿನ ಮನೆಗೆ ಅದು ಹೊರಗಿನವರ ಕೈಯಿಂದಲೇ ಬಂದಿತು. ಕಿಟಕಿ ತೆರೆದಿರಲಿ. ಕಡ್ಡಿ ಒಂದು ಸಾಕು, ಗೋದಲಿಯ ಒಣಹುಲ್ಲಿನಿಂದ ದೂರವಿರಲಿ. ಅದನ್ನು ಹೊಸೆದವರು ನಮ್ಮ ನೆರೆಯಲ್ಲಿದ್ದರೆ ಅವರ ಮನೆಗೆ ಕಜ್ಜಾಯದ ಪಾತ್ರೆ ಮೊದಲು ಹೋಗಲಿ. ಅತ್ತೆಯವರಿಗೆ ಕೆಮ್ಮಿದ್ದರೆ ಹೊಗೆಯೇ ಬೇಡ. ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ಕಿತ್ತಳೆಯ ಸಿಪ್ಪೆ, ಎರಡು ಚೂರು ಚಕ್ಕೆ, ನಾಲ್ಕು ಲವಂಗ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಮನೆ ತುಂಬುತ್ತದೆ. ನೀರು ಆರದಂತೆ ನೋಡಿಕೊಳ್ಳಬೇಕು. ಗುರುಗಳ ಮನೆಯ ಅಡುಗೆಯವರು ಕಳೆದ ವರ್ಷ ಮರೆತು ಒಂದು ಪಾತ್ರೆಯನ್ನು ಸುಟ್ಟರು. ಆ ವಾಸನೆ ಮೂರು ರಾಯರ ಹಬ್ಬದವರೆಗೂ ಇತ್ತು.

ಬವೇರಿಯಾ, ಆಸ್ಟ್ರಿಯಾಗಳ ಹಳ್ಳಿಗಳಲ್ಲಿ ಒಂದು ಪದ್ಧತಿಯಿದೆ. ಕ್ರಿಸ್ತಜಯಂತಿಯ ಹಿಂದಿನ ರಾತ್ರಿ, ವರ್ಷದ ಕೊನೆಯ ರಾತ್ರಿ ಮತ್ತು ಮೂರು ರಾಯರ ಹಬ್ಬದ ಹಿಂದಿನ ರಾತ್ರಿ ಮನೆಯ ಯಜಮಾನನು ಕೆಂಡದ ಬಾಣಲೆಗೆ ಧೂಪ ಹಾಕಿಕೊಂಡು, ಜಪ ಹೇಳುತ್ತಾ, ಕೋಣೆ ಕೋಣೆಗೂ ದನದ ಕೊಟ್ಟಿಗೆಗೂ ಹೋಗಿ ಬರುತ್ತಾನೆ. ಮಕ್ಕಳು ತೀರ್ಥ ಚಿಮುಕಿಸುತ್ತಾ ಹಿಂದೆ ನಡೆಯುತ್ತಾರೆ. ಇದರಲ್ಲಿ ನಮಗೆ ಹಿಡಿಸಿದ್ದು ಕೊಟ್ಟಿಗೆಯನ್ನು ಮರೆಯದಿರುವುದು. ನಮ್ಮಲ್ಲಿ ಇನ್ನೂ ದನಕರುಗಳಿರುವ ಮನೆಯವರು ಇದನ್ನು ಮಾಡಿ ನೋಡಬಹುದು. ಕೆಂಡಕ್ಕೆ ತೆಂಗಿನ ಚಿಪ್ಪು ಒಳ್ಳೆಯದು, ಸೀಮೆಎಣ್ಣೆ ಸುರಿದು ಹತ್ತಿಸಬಾರದು. ಧೂಪವನ್ನು ಹಿಡಿ ಹಿಡಿಯಾಗಿ ಸುರಿಯದೆ, ಅವರೆಕಾಳಿನಷ್ಟು ಹಾಕಿ ಅದು ಕರಗುವವರೆಗೆ ಕಾಯಬೇಕು. ಕೊಟ್ಟಿಗೆಯಲ್ಲಿ ಒಣಹುಲ್ಲಿರುವ ಕಡೆಗೆ ಕೆಂಡವನ್ನು ಒಯ್ಯುವುದು ಬೇಡ, ಬಾಗಿಲಲ್ಲಿ ನಿಂತರೆ ಸಾಕು.

ಕೊನೆಯದಾಗಿ ಎರಡು ಪ್ರಕಟಣೆಗಳು. ಈ ಶತಮಾನೋತ್ಸವದ ಕ್ರಿಸ್ತಜಯಂತಿಯ ರಾತ್ರಿ ಧೂಪವನ್ನು ಮೆರವಣಿಗೆಯಲ್ಲಿ ಮಾತ್ರ ಬಳಸಲಾಗುವುದು. ಎಡಗಡೆಯ ಎರಡು ಬಾಗಿಲುಗಳೂ ತೆರೆದಿರುತ್ತವೆ, ಅಲ್ಲಿನ ಮೊದಲ ಮೂರು ಸಾಲುಗಳನ್ನು ಉಬ್ಬಸ ಗೂರಲುಗಳಿರುವವರಿಗೂ ಎಳೆಗೂಸುಗಳ ತಾಯಂದಿರಿಗೂ ಬಿಡಬೇಕು, ಚಳಿಗೆ ಕಂಬಳಿಗಳನ್ನು ಯುವಕ ಸಂಘದವರು ಅಲ್ಲಿಯೇ ಇಟ್ಟಿರುತ್ತಾರೆ. ಗೋದಲಿಗೆ ಹೊಸ ರಾಗಿ ಹುಲ್ಲನ್ನೂ, ಧೂಪಪಾತ್ರೆಗೆ ತೆಂಗಿನ ಚಿಪ್ಪನ್ನೂ ಕೊಡುವ ಮನಸ್ಸಿರುವವರು ಹಬ್ಬಕ್ಕೆ ಒಂದು ವಾರ ಮುಂಚಿತವಾಗಿ ಉಪದೇಶಿಯವರಲ್ಲಿ ತಲುಪಿಸಬೇಕು. ಹುಲ್ಲು ಒದ್ದೆಯಿರಬಾರದು.